ಎಡಗಡೆಯ ಬ್ರೇಕು

ಮೂರು ಚಳಿಗಾಲದಿಂದ ಮೀನಮೇಷ ಎಣಿಸುತ್ತಿದ್ದೇನೆ.
ಅಕ್ಟೋಬರಿನಲ್ಲಿ ಮಾರಿಬಿಡೋಣ ಅನಿಸುತ್ತದೆ,
ಟಾಪಿನ ಬಟ್ಟೆಗೆ ಬೂಷ್ಟು ಹಿಡಿದು
ಗ್ಯಾರೇಜು ಬೀಗ ಜಡಿದ ಚರ್ಚಿನಂತೆ ನಾರುವಾಗ.
ಮೇ ತಿಂಗಳಲ್ಲಿ ಒಂದು ದಿನ, ಒಂದೇ ಒಂದು ದಿನ
ಬಾರ್ಮತ್ ಊರಿನ ಮೇಲೆ ಬಿಸಿಲು ಬೀಳುತ್ತದೆ.
ಟಾಪನ್ನು ಮಡಚಿ ಹಿಂದಕ್ಕೆ ಸರಿಸುತ್ತೇನೆ.
ಅಕ್ಟೋಬರು ಮರೆತುಹೋಗುತ್ತದೆ.

'ವೇಲ್ಸಿನಲ್ಲಿ ಸೂರಿಲ್ಲದ ಕಾರು ಕೊಳ್ಳುವವನು
ಒಂದೋ ಹುಚ್ಚ, ಇಲ್ಲಾ ಕೊಡೆ ಮಾರುವವನು.'
ನಲವತ್ತೊಂದು ವರ್ಷದ ಹಿಂದೆ ಓಲ್ವೆನ್ ಅಂದದ್ದು.
ಆಮೇಲೆ ಈ ವಿಷಯಕ್ಕೆ ಅವಳು ಬಾಯಿ ಹಾಕಿಲ್ಲ.
ಮೊನ್ನೆ ಕೇಳಿದರೂ ಅಷ್ಟೇ:
'ನಿನ್ನ ಕಾರು, ನಿನ್ನ ತಲೆನೋವು.'

ಪಿಯಾನೋಗಳಿಗೆ ಶ್ರುತಿ ಕೂರಿಸುವುದು ನನ್ನ ಕಸುಬು. ಆಗಿತ್ತು.
ಹಾರ್ಲೆಕ್ಕಿನ ಶಾಲೆ, ಗುಡ್ಡದ ಮೇಲಿನ ಪ್ರಾರ್ಥನಾಮಂದಿರ,
ಇಲಿ ಮರಿ ಹಾಕಿದ್ದ ಪಿಯಾನೋಗಳ ದೊಡ್ಡ ಮನೆಗಳು,
ಎಲ್ಲಕ್ಕೂ ಈ ಹಸಿರು ಮಾರಿಸ್ ಮೈನರ್ರೇ.
ಹಿಂದಿನ ಸೀಟಿನಲ್ಲಿ ಶ್ರುತಿಕವೆ, ಉಣ್ಣೆಯ ಪಟ್ಟಿ,
ಒಮ್ಮೆ, ಕೂಲಿಯ ಬದಲಿಗೆ, ಒಂದು ಕುರಿಮರಿ.
ತಿರುವು ಬಂದಾಗ ಕಂಬದ ಸಂದಿನಿಂದ
ಪುಟ್ಟ ಕಿತ್ತಳೆ ಕೈಯೊಂದು ಹೊರಗೆ ಚಾಚಿ
'ಹೀಗೆ ಹೋಗುತ್ತೇನೆ' ಅನ್ನುತ್ತಿತ್ತು.
ಈಚೆಗೆ ಅದು ಚಾಚುತ್ತದೆ, ಮಡಚಿಕೊಳ್ಳುವುದನ್ನು ಮರೆಯುತ್ತದೆ.

ಮರೆತದ್ದು ಅದೊಂದೇ ಅಲ್ಲ.
ಮೊದಲು ಹೋದದ್ದು ಕೊನೆಯ ಹನ್ನೆರಡು ಮನೆಗಳ ಸ್ವರ,
ಆಮೇಲೆ ಗುಬ್ಬಿಗಳು, ಆಮೇಲೆ ಕೆಟಲಿನ ಸಿಳ್ಳು.
ಎಂಜಿನ್ನು ಮಾತ್ರ ಅಂಗೈಯಲ್ಲಿ ಕೇಳಿಸುತ್ತದೆ.

ಶನಿವಾರ ಲೋವ್ರಿ ಬಂದಳು,
ರೆಕ್ಸಮ್ಮಿನಲ್ಲಿ ಬಸ್ಸು ರಿಪೇರಿ ಮಾಡುವ ಹುಡುಗಿ.
ಕಾಲುಚೀಲದೊಳಗೆ ಅಯಸ್ಕಾಂತ ಕಟ್ಟಿಕೊಂಡು
ಕಾರಿನ ಮೈಯೆಲ್ಲ ಸವರಿದಳು, ದಾದಿಯ ಹಾಗೆ.
ಕಚ್ಚಿದಲ್ಲಿ ಕಬ್ಬಿಣ.
ಜಾರಿದಲ್ಲಿ ನನ್ನ ಸುಳ್ಳು, ಪುಟ್ಟಿ ತುಂಬಿ ಬಣ್ಣ ಬಳಿದದ್ದು.
ಅವಳು ಏನೂ ಅನ್ನಲಿಲ್ಲ. ಎಣಿಸಿಕೊಂಡಳು.
ಎಂಜಿನ್ ಎಬ್ಬಿಸಿದಾಗ ತಲೆ ವಾಲಿಸಿ,
'ಟ್ಯಾಪೆಟ್ ಟಕಟಕ ಅಂತಿದೆ, ಕೇಳಿಸ್ತಿದೆಯಾ?'
'ಕೇಳಿಸದೆ ಏನು?' ಅಂದೆ.
ಅಯಸ್ಕಾಂತ ಜಾರಿತು.

ಅವಳು ಓಡಿಸಿ ನೋಡಬೇಕಂತೆ. ಸರಿ,
ನಾನು ಎಡಗಡೆ ಕೂತೆ.
ನಲವತ್ತೊಂದು ವರ್ಷದಲ್ಲಿ ಮೊದಲ ಸಲ.
ಸಮುದ್ರ ಈ ಕಡೆಯಲ್ಲೇ ಇತ್ತಂತೆ, ಇಷ್ಟು ಹತ್ತಿರ;
ನಾನು ಕಂಡದ್ದು ಬರೀ ರಸ್ತೆ, ಓಲ್ವೆನ್ನಳ ತಲೆವಸ್ತ್ರ.

ಆಮೇಲೆ ಕಾಲ ಕೆಳಗೆ ನೋಡಿದೆ.
ರಬ್ಬರು ಚಾಪೆ ಒಂದು ಕಡೆ ಸವೆದು
ಒಳಗಿನ ನೂಲು ಎದ್ದಿತ್ತು,
ಬಲಗಾಲಿನ ತುದಿಯಷ್ಟೇ ಜಾಗದಲ್ಲಿ.
ಅಲ್ಲಿ ಪೆಡಲಿಲ್ಲ. ಅಲ್ಲಿ ಏನೂ ಇಲ್ಲ.
ಯಾಕೆ ಸವೆಯಿತೋ ಅಂದುಕೊಳ್ಳುವಷ್ಟರಲ್ಲಿ
ಲೋವ್ರಿ ತಿರುವನ್ನು ತುಸು ಜೋರಾಗಿಯೇ ತೆಗೆದುಕೊಂಡಳು,
ನನ್ನ ಕಾಲು ತಾನಾಗಿ ಒತ್ತಿತು,
ಸರಿಯಾಗಿ ಆ ಗುಳಿಯಲ್ಲೇ.

ಒಂದು ಮಾತಾಡದೆ, ಪ್ರತಿ ತಿರುವಿಗೂ,
ನಾನು ಶ್ರುತಿ ಗುನುಗುತ್ತ ಓಡಿಸುವಾಗೆಲ್ಲ
ಈ ಕಾರನ್ನು ನಿಲ್ಲಿಸುತ್ತಿದ್ದವಳು ಅವಳು.

ಗೇಟಿನ ಬಳಿ ಬೆಲೆ ಹೇಳಿದೆ.
ಟ್ಯಾಪೆಟ್ಟಿಗೆಂದು ಇಷ್ಟು ಇಳಿಸಿ,
ಪುಟ್ಟಿಗೆಂದು ಇನ್ನಷ್ಟು ಇಳಿಸಿ.
'ಚಾಪೆ ಮಾತ್ರ ಕೊಡುವುದಿಲ್ಲ.'
'ಅದು ಹರಿದಿದೆಯಲ್ಲ' ಅಂದಳು ಲೋವ್ರಿ.
'ಹೌದು' ಅಂದೆ.

ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಅಡುಗೆಮನೆಗೆ ಬಂದರೆ
'ಈ ಕೊಳಕನ್ನು ಯಾಕೆ ಒಳಗೆ ತಂದೆ?' ಅಂತ ಅವಳ ಮುಖ.
ಮೇಜಿನ ಮೇಲೆ ಬಿಡಿಸಿದೆ.
ಓಲ್ವೆನ್ ಕೈ ಒರೆಸಿಕೊಂಡಳು,
ಎದ್ದ ನೂಲನ್ನು ಹೆಬ್ಬೆರಳಿಂದ ಮುಟ್ಟಿದಳು,
ನಗುತ್ತ ಏನೋ ಅಂದಳು.

ನನಗೆ ಕೇಳಿಸಲಿಲ್ಲ.
ಎಂದಿನ ಹಾಗೆ ತಲೆಯಾಡಿಸಲು ಹೊರಟವನು
ತಡೆದು, ಕುರ್ಚಿ ಎಳೆದು ಕೂತೆ:
'ಇನ್ನೊಂದು ಸಲ ಹೇಳು.'