ಜೂನ್ ಒಂದರ ಕಲ್ಲು

ಸಂತೆಪೇಟೆಯ ಮೋನಪ್ಪಾಚಾರ್ ಕನ್ನಡಕ ಹಣೆಗೇರಿಸಿ ಕೇಳಿದರು:
ಹುಟ್ಟಿದ್ದು ಯಾವಾಗ?
ಜೂನ್ ಒಂದು, ಅಂದೆ.
ನಕ್ಕರು. ದುರ್ಗದ ಅರ್ಧ ಊರು ಅವತ್ತೇ ಹುಟ್ಟೈತೆ ಬಿಡು.

ನಿಜ. ಓಬಳೇಶ ಮೇಷ್ಟ್ರು ದಾಖಲಾತಿ ಪುಸ್ತಕದಲ್ಲಿ
ಮೂವತ್ತೊಂದು ಮಕ್ಕಳನ್ನು ಒಂದೇ ಬೆಳಿಗ್ಗೆ ಹೆತ್ತಿದ್ದರು.

ಜೂನಿಗೆ ಮುತ್ತು, ಅಂದರು. ಅದು
ಯಾವುದೋ ಸೀಮೆಯ ಅಂಗಡಿಯವರೇ ಕೂಡಿ ಬರೆದ ಪಟ್ಟಿ,
ಹನ್ನೆರಡು ತಿಂಗಳಿಗೆ ಹನ್ನೆರಡು ವ್ಯಾಪಾರ.
ನಮ್ಮ ಲೆಕ್ಕ ಒಂಬತ್ತು: ಸೂರ್ಯನಿಗೆ ಮಾಣಿಕ್ಯ, ಶನಿಗೆ ನೀಲ.
ನೀಲ ಮಾತ್ರ ಮೂರು ರಾತ್ರಿ ದಿಂಬಿನಡಿ ಇಟ್ಟು ನೋಡಬೇಕು,
ಎಲ್ಲರಿಗೂ ಆಗಿಬರಲ್ಲ.
ನಕ್ಷತ್ರ ಹೇಳು.

ಅವ್ವನ ಕಡೆ ತಿರುಗಿದೆ.
ಅವಳು ತಕ್ಕಡಿಯನ್ನೇ ನೋಡುತ್ತಿದ್ದಳು,
ಗುಲಗಂಜಿಯಷ್ಟು ಕಲ್ಲಿಗೆ ಇಷ್ಟು ರೊಕ್ಕವಾ ಎಂದು.
ಆಮೇಲೆ ಅಂದಳು:
ನಕ್ಷತ್ರ ಯಾರು ನೋಡಿದ್ರು? ಮಟಮಟ ಮಧ್ಯಾಹ್ನ.
ಜೋಗಿಮಟ್ಟಿ ರಸ್ತೆಯಾಗೆ ಯಾರದೋ
ಸವೆದ ಬೀಸೋಕಲ್ಲಿಗೆ ಉಳಿ ಹೊಡೀತಿದ್ದೆ.
ನೋವು ಬಂತು. ಉಳಿ ಜಾರ್ತು.

ಎಡಗೈ ಚಾಚಿದಳು. ಹೆಬ್ಬೆರಳ ಬುಡದಲ್ಲಿ
ಚರ್ಮದೊಳಗೇ ಉಳಿದ ಕಪ್ಪು ಚೂರು,
ಸಾಸಿವೆಗಿಂತ ಚಿಕ್ಕದು.

ಮೋನಪ್ಪಾಚಾರ್ ಕನ್ನಡಕ ಇಳಿಸಿ,
ಭೂತಗನ್ನಡಿ ಹಿಡಿದು
ಬಹಳ ಹೊತ್ತು ನೋಡಿದರು.
ಬೆಲೆ ಹೇಳಲಿಲ್ಲ.
ಕೂರಿಸಿದ್ದು ಗಟ್ಟಿ ಐತೆ, ಅಂದರು.
ಬೀಳಲ್ಲ.