ಬೀಗದ ಗುರುತು

ಜೂನ್ ಹದಿನೇಳು. ಬಂದ್ ಶುರುವಾಗಿ ಎರಡು ವಾರ.
ಬೈತಖೋಲದ ದಡಕ್ಕೆ ಎಳೆದು ನಿಲ್ಲಿಸಿದ ಬೋಟುಗಳ
ಹೊಟ್ಟೆ ಕೆರೆಯುವ ಸದ್ದು ಬೆಳಗಿನಿಂದ. ಕರ್, ಕರ್.
ವರ್ಷವಿಡೀ ನೀರೊಳಗೆ ಸುಮ್ಮನೆ ಅಂಟಿಕೊಂಡ ಚಿಪ್ಪು,
ಉಳಿ ತಾಗಿದರೂ ಬಿಡುವುದಿಲ್ಲ,
ಬಿಟ್ಟರೂ ಹಲಗೆಯ ಮೇಲೆ
ಒಂದು ಬಿಳಿಯ ಉಂಗುರ ಇಟ್ಟೇ ಹೋಗುತ್ತದೆ.

ಒಳಗೆ, ಸೊಸೈಟಿ ಕಚೇರಿಯಲ್ಲಿ,
ನನ್ನದೂ ಅದೇ ಕೆಲಸ.

ಕಂಪ್ಯೂಟರು ಹಳೆಯದು. ಮುಚ್ಚಿಹೋದ ಪ್ರೆಸ್ಸಿನಿಂದ
ಅರ್ಧ ಬೆಲೆಗೆ ತಂದದ್ದು, ಬೆನ್ನ ಮೇಲೆ ಕಚ್ಚಿದ ಸೇಬು.
ಶನಿವಾರ ಗುಜರಿಯ ಮುಕ್ತಿಯಾರ್ ಬರುತ್ತಾನೆ.
"ಎಲ್ಲ ತೊಳೆದು ಕೊಡಿ ಬಾಯಿ" ಅಂದಿದ್ದಾರೆ ಸೆಕ್ರೆಟರಿ,
ಬಂಗಡೆ ತೊಳೆದು ಕೊಡಿ ಅಂದ ಹಾಗೆ.

ತೊಳೆದೆ. ಹದಿನಾಲ್ಕು ವರ್ಷದ ಡೀಸೆಲ್ ಸಬ್ಸಿಡಿ,
ಐಸ್ ಫ್ಯಾಕ್ಟರಿಯ ಬಾಕಿ,
ಯಾರದೋ ಮಗಳ ಮದುವೆ ಮಂಟಪದ ಫೋಟೋ,
ಎಲ್ಲ ಕಸದ ಬುಟ್ಟಿಗೆ ಬಿತ್ತು. ಬುಟ್ಟಿ ಖಾಲಿಯಾಯಿತು.
ಒಂದು ಉಳಿಯಿತು.

ಮತ್ತೆ ಖಾಲಿ ಮಾಡಿದೆ. ಬೀಗ ಹಾಕಿದೆ, ಅಂತು.
ಆಪ್ಷನ್ ಕೀ ಒತ್ತಿ ಹಿಡಿದು ಮಾಡಿದೆ. ನಿಮಗೆ ಅನುಮತಿ ಇಲ್ಲ, ಅಂತು.
ಆಫ್ ಮಾಡಿ, ಚಾ ಕುಡಿದು ಬಂದು ಆನ್ ಮಾಡಿದೆ.
ಅಲ್ಲೇ ಇದೆ, ಬಾಕಿ ಕೇಳಲು ಬಂದವನ ಹಾಗೆ
ಜಗುಲಿಯ ತುದಿಗೆ ಕೂತು.

ಹೆಸರು ಪಾಲುಪಟ್ಟಿ_ಮುಟ್ಟಬೇಡಿ.
ಇನ್ನಾರದು? ನಿವೃತ್ತ ಗುಮಾಸ್ತ ಪುರ್ಸೊ ದುರ್ಗೇಕರರದು.
ಊಟದ ಡಬ್ಬಿಗೂ ಬೀಗ ಹಾಕುತ್ತಿದ್ದ ಮನುಷ್ಯ.
ಫೋನು ಹಚ್ಚಿದೆ. ಕೋಡಿಬಾಗದಿಂದ ಮೊದಲು ಕೆಮ್ಮು ಬಂತು.
"ಅದರ ಮಾಹಿತಿ ಬಿಚ್ಚು. ಬೀಗ ಅಂತ ಒಂದು ಚೌಕ ಅದೆ.
ಅದರೊಳಗಿನ ಟಿಕ್ ತೆಗಿ. ಪಾಸ್‌ವರ್ಡು ಕೇಳ್ತದೆ..."
ನಿಂತರು.
"ಬರ್ಕೊ. ಗೋದು ಹನ್ನೊಂದು."
"ಗೋದು ಯಾರು?"
"ಪಟ್ಟಿಲಿ ನೋಡು."

ನನಗೆ ಹೇಳಿದ್ದು ಅಳಿಸಲು, ಓದಲು ಅಲ್ಲ.
ಆದರೆ ಬುಟ್ಟಿಯಲ್ಲಿದ್ದದ್ದು ಬುಟ್ಟಿಯಲ್ಲೇ ತೆರೆಯುವುದಿಲ್ಲ,
ಹೊರಗೆ ತಂದು ಇಡಬೇಕು. ಇಟ್ಟೆ.

ರಂಪಣಿ ಬಲೆಯ ಪಾಲು. ಹತ್ತು ಹೆಸರು ಗಂಡಸರದು.
ಹನ್ನೊಂದು, ಗೋದು ತುಕಾರಾಮ ಹರಿಕಂತ್ರ. ಅರ್ಧ ಪಾಲು.
ಪಕ್ಕದಲ್ಲಿ ಷರಾ:
ಹಗ್ಗ ಎಳೆದಿದ್ದಾಳೆ. ನಾನು ನೋಡಿದ್ದೇನೆ.

"ಹೆಂಗಸಿಗೆ ಎಲ್ಲಿಯ ಪಾಲು ಅಂತ
ಮೂರು ಸಲ ಅಳಿಸಿದ್ರು. ಮೂರು ಸಲ ಬರೆದೆ.
ನಾಲ್ಕನೇ ಸಲ ಬೀಗ ಹಾಕ್ದೆ.
ನಾನು ಆಗೂದಿಲ್ಲ ಅಂದ್ರೆ ಜಗಳ,
ಪೆಟ್ಟಿಗೆ ಆಗೂದಿಲ್ಲ ಅಂದ್ರೆ ಕಾನೂನು."

ಈಗ?
"ಈಗ ಎಂತದು. ಅವಳು ಹೋಗಿ ನಾಲ್ಕು ವರ್ಷ.
ಆ ಬಲೆನೂ ಇಲ್ಲ. ದುಡ್ಡು ಕೊಟ್ಟು ಮುಗಿದದೆ. ತೆಗಿ."

ಟಿಕ್ ತೆಗೆದೆ. ಮೂಲೆಯ ಪುಟ್ಟ ಬೀಗ ಮಾಯವಾಯಿತು.
ಕನ್ನಡಕ ತೆಗೆದ ಮುಖದ ಹಾಗೆ ಕಂಡಿತು ಫೈಲು.
ಬುಟ್ಟಿಗೆ ಎಳೆದೆ. ಖಚಿತವೇ, ಕೇಳಿತು,
ಇದು ಮತ್ತೆ ಸಿಗುವುದಿಲ್ಲ.

ಹೊರಗೆ ಕೆರೆಯುವವರು ಊಟಕ್ಕೆ ಎದ್ದಿರಬೇಕು, ಸದ್ದಿಲ್ಲ.
ನಾಳೆ ಆ ಬಿಳಿ ಉಂಗುರಗಳ ಮೇಲೆ ಬಣ್ಣ ಬಳಿಯುತ್ತಾರೆ.

ಒತ್ತಿದೆ. ಕಾಗದ ಮುದುಡಿದ ಸದ್ದು.
ಫೋನಿನಾಚೆಗೂ ಕೇಳಿತೇನೋ.
"ಹೋಯ್ತನ?"
"ಹೋಯ್ತು."

ಸ್ವಲ್ಪ ಹೊತ್ತು ಇಬ್ಬರೂ ಇಡಲಿಲ್ಲ.
"ಹಗ್ಗ ಭಾರ ಇತ್ತು ಆ ದಿನ," ಅಂದರು.