ಪೇಸ್ಲಿಯ ಬಸವನಹುಳು

ರಾತ್ರಿ ಪಾಳಿ. ಒಂದು ಕಿವಿಗೆ ಕಾನೂನು ಪಾಠ,
ಇನ್ನೊಂದು ಏಳನೇ ಕೋಣೆಯ ಗಂಟೆಗೆ ಮೀಸಲು.
ಫೋನಿನ ಸೀಳುಗಾಜಿನೊಳಗೆ ಮೇಷ್ಟ್ರು
ಶುಂಠಿ ಬಿಯರಿನ ಬಾಟಲಿ ಬಗ್ಗಿಸುತ್ತಾರೆ.
ಕೊಳೆತ ಹುಳು ಜಾರಿತು;
ಅದರ ಹಿಂದೆಯೇ ಕಾನೂನೂ ಜಾರಿಗೆ ಬಂತು,
ಇದೇ ಊರಲ್ಲಿ, ನಾನು ಬಸ್ಸು ಹತ್ತುವ ಇದೇ ಪೇಸ್ಲಿಯಲ್ಲಿ.

‘ಹಾಗಾದರೆ, ನನ್ನ ನೆರೆಯವರು ಯಾರು?’
ಚಕ್ರ ತಿರುಗುತ್ತಲೇ ಇದೆ. ನೆಟ್ ಇಲ್ಲ.

ಗಂಟೆ.
ಮಿಸೆಸ್ ಮೆಕ್‌ಗ್ಲಾಶನ್‌ಗೆ ಹೊದಿಕೆ ಬೇಡ, ಮಾತು ಬೇಕು.
ಹುಳುವಿನ ಕತೆ ಹೇಳಿದೆ.
‘ಪಾಪ, ಆ ಹೆಂಗಸಿಗೆ ದುಡ್ಡು ಸಿಕ್ಕಿತೇನೇ?’
ಅದು ಮುಂದಿನ ಪಾಠದಲ್ಲಿದೆ ಅಂದೆ.
‘ಬೇಗ ಓದು ಮಾರಾಯ್ತಿ,
ನನಗೆ ತೊಂಬತ್ತೊಂದು.’

ಮೂರೂವರೆ. ಮತ್ತೆ ಪಾಠ ಒತ್ತಿದೆ.
ಬೆರಳಿಗಿನ್ನೂ ಅವಳ ಪೌಡರಿನ ವಾಸನೆ.